ಪ್ಲಗ್ ಕೂತರೆ ಸಂಬಂಧ ಕೂಡಿತೇ?

ನಾನು ಬಿ.ಕಾಂ. ಓದಿದವನು. 1991ರಲ್ಲಿ ಕುಂದಾಪುರ ಕಡೆಯ ಹಳ್ಳಿಯೊಂದರಿಂದ ಬಸ್ಸು ಹತ್ತಿ ಬೊಂಬಾಯಿಗೆ ಬಂದು, ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ಸೇರಿ, ಈಗ ಆಫೀಸರ್ ಅನ್ನಿಸಿಕೊಂಡು ನಿವೃತ್ತಿಯ ದಿನ ಎಣಿಸುತ್ತಿರುವವನು. ಡೆಬಿಟ್ಟು, ಕ್ರೆಡಿಟ್ಟು, ಒಂದಿಷ್ಟು ಯಕ್ಷಗಾನ, ಇದರಾಚೆ ನನಗೆ ಹೆಚ್ಚು ತಿಳಿಯದು. ಇಂಥವನು ಕಂಪ್ಯೂಟರಿನ ಬಿಡಿಭಾಗಗಳ ಬಗ್ಗೆ ಬರೆಯಲು ಹೊರಟರೆ ನಿಮಗೆ ನಗು ಬಂದೀತು. ಬರಲಿ. ಈ ಬರಹ ಓದಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಕಪಾಟಿನ ಮೂಲೆಯಲ್ಲಿರುವ ಹಳೆಯ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದರೆ ನಾನು ಬರೆದದ್ದು ಸಾರ್ಥಕ.

ಮೊದಲು ಆ ಡಿಸ್ಕಿನಲ್ಲಿ ಏನಿತ್ತು ಅಂತ ಹೇಳಬೇಕು.

ನಾನು ಮುಂಬಯಿಗೆ ಬಂದ ಹೊಸದರಲ್ಲಿ ನಮ್ಮೂರಿಗೆ ಫೋನು ಬಂದಿರಲಿಲ್ಲ. ಅಪ್ಪಯ್ಯ ಕಾಗದ ಬರೆಯುತ್ತಿದ್ದರು, ಆದರೆ ಅವರ ಕಾಗದ ಅಂದರೆ ಟೆಲಿಗ್ರಾಮಿನ ಅಣ್ಣ. 'ಕ್ಷೇಮ. ಮಳೆ ಚೆನ್ನಾಗಿದೆ. ಹಣ ತಲುಪಿತು.' ಅಷ್ಟೇ. ಅಮ್ಮನಿಗೆ ಹೇಳಲು ಬೇಕಾದಷ್ಟಿತ್ತು, ಬರೆಯಲು ಕೈ ಬರುತ್ತಿರಲಿಲ್ಲ. 1992ರ ದೀಪಾವಳಿಗೆ ಬೋನಸ್ ಬಂದಾಗ ಒಂದು ಟೇಪ್ ರೆಕಾರ್ಡರ್ ಕೊಂಡು ಊರಿಗೆ ಕೊಟ್ಟು ಬಂದೆ. ಅಲ್ಲಿಂದ ಅಮ್ಮನ 'ಕ್ಯಾಸೆಟ್ ಕಾಗದ' ಶುರುವಾಯಿತು. ಅಕ್ಕ ಕೆಂಪು ಗುಂಡಿ ಒತ್ತುವುದು, ಅಮ್ಮ ಜಗಲಿಯಲ್ಲಿ ಕೂತು ಮಾತಾಡುವುದು. ತೊಂಬತ್ತು ನಿಮಿಷದ ಕ್ಯಾಸೆಟ್ಟು ತುಂಬುವುದಕ್ಕೆ ಕೆಲವೊಮ್ಮೆ ಎರಡು ತಿಂಗಳು. ಊರಿನಿಂದ ಇಲ್ಲಿನ ಹೋಟೆಲಿಗೆ ಕೆಲಸಕ್ಕೆ ಬರುವ ಹುಡುಗರ ಕೈಯಲ್ಲಿ, ಹಪ್ಪಳ ಸಂಡಿಗೆಯ ಕಟ್ಟಿನ ಜೊತೆ ಅದು ನನ್ನ ಕೈ ಸೇರುತ್ತಿತ್ತು. ಯಾವ ದನ ಕರು ಹಾಕಿತು, ಯಾರ ಮನೆಯ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಬಾವಿಯ ನೀರು ಎಷ್ಟು ಇಳಿಯಿತು, ಎಲ್ಲ ಅದರಲ್ಲಿ. ನಡುವೆ ಕೋಳಿ ಕೂಗುತ್ತಿತ್ತು, ಹಂಚಿನ ಮಾಡಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. 1999ರಲ್ಲಿ ಮನೆಗೆ ಫೋನ್ ಬರುವವರೆಗೆ ಒಟ್ಟು ಹನ್ನೊಂದು ಕ್ಯಾಸೆಟ್ಟು ಬಂದವು.

2004ರಲ್ಲಿ ಮುಲುಂಡಿನ ಗೆಳೆಯನೊಬ್ಬ ತನ್ನ ಕಂಪ್ಯೂಟರಿಗೆ ಟೇಪ್ ರೆಕಾರ್ಡರ್ ಜೋಡಿಸಿ ಅಷ್ಟನ್ನೂ ಎಂಪಿ3 ಮಾಡಿ ಎರಡು ಸಿಡಿಗೆ ಹಾಕಿದ. ಕ್ಯಾಸೆಟ್ಟುಗಳನ್ನು ನಾನು ಮನೆಗೆ ತಂದೆ, ಸಿಡಿಗಳನ್ನು ಮಾತ್ರ ಅವನ ಮನೆಯಲ್ಲೇ ಮರೆತೆ. ಆ ಮರೆವಿಗೆ ನಾನು ಇವತ್ತಿಗೂ ಋಣಿ. ಯಾಕೆಂದರೆ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಆಗ ನಾವಿದ್ದದ್ದು ಕಲೀನಾದ ನೆಲಮಹಡಿಯ ಮನೆಯಲ್ಲಿ. ಮಂಚದ ಕೆಳಗಿನ ಟ್ರಂಕಿನೊಳಗಿದ್ದ ಹನ್ನೊಂದು ಕ್ಯಾಸೆಟ್ಟೂ ಕೆಸರಾದವು. ಅಮ್ಮ 2008ರಲ್ಲಿ ಹೋದರು. 2011ರಲ್ಲಿ ಆ ಸಿಡಿಗಳನ್ನು ಮನೆಯ ಕಂಪ್ಯೂಟರಿನ 500 ಜಿಬಿ ಡಿಸ್ಕಿಗೆ ಇಳಿಸಿದೆ. ಏಳು ವರ್ಷದ ಸಿಡಿ, ಮೇಲ್ಮೈ ಅಲ್ಲಲ್ಲಿ ಮಸುಕಾಗಿತ್ತು. ಇಪ್ಪತ್ತೆರಡು ಫೈಲುಗಳಲ್ಲಿ ಒಂದು, ಏಳನೇ ಕ್ಯಾಸೆಟ್ಟಿನ ಬಿ ಸೈಡು, ಎಷ್ಟು ಸಲ ಹಾಕಿದರೂ ಓದಲಿಲ್ಲ. ಉಳಿದ ಇಪ್ಪತ್ತೊಂದು ಬಂದವು. 'ಅಬ್ಬ' ಅಂದುಕೊಂಡು ಸಿಡಿಗಳನ್ನು ಎಸೆದೆ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವನು ಮಾಡುವ ಕೆಲಸವೇ ಇದು? ನಮ್ಮ ಬ್ರಾಂಚಿನಲ್ಲಿ ಹಳೆಯ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳ ಕಾಲದಲ್ಲೂ ಸಂಜೆ ಫ್ಲಾಪಿಗೆ ಪ್ರತಿ ತೆಗೆದು ಒಂದನ್ನು ಇನ್ನೊಂದು ಬ್ರಾಂಚಿಗೆ ಕಳಿಸುತ್ತಿದ್ದೆವು. 1999ರ ಡಿಸೆಂಬರ್ 31ರ ರಾತ್ರಿ ವೈಟೂಕೆ ಹೆದರಿಕೆಯಲ್ಲಿ ಬ್ರಾಂಚಿನಲ್ಲೇ ಮಲಗಿದವನು ನಾನು. ಊರವರ ಖಾತೆಗೆ ಅಷ್ಟು ಕಾವಲು, ಅಮ್ಮನ ದನಿಗೆ ಒಂದೇ ಡಿಸ್ಕು!

ಇರಲಿ, ವಿಷಯಕ್ಕೆ ಬರುತ್ತೇನೆ. ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. 2024ರ ಮೇ ತಿಂಗಳಲ್ಲಿ ಬಂದವಳು ನಮ್ಮ ಮದುವೆಯ ವೀಡಿಯೊ, ಅವಳ ಬಾಲ್ಯದ ಫೋಟೋ ಎಲ್ಲ ಎಲ್ಲಿವೆ ಅಂತ ಕೇಳಿದಳು. ಮೂರು ಪೆನ್ ಡ್ರೈವ್, ಎರಡು ಹಳೆಯ ಮೊಬೈಲು, ಒಂದು ಬೂದಿ ಬಣ್ಣದ ಕಂಪ್ಯೂಟರು ತೋರಿಸಿದೆ. "ಪಪ್ಪಾ, ನೀವು ಗಿರಾಕಿಗಳ ದುಡ್ಡನ್ನೂ ಹೀಗೇ ಇಡ್ತೀರಾ?" ಅಂದಳು. ಆ ಮಾತು ಚುಚ್ಚಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾಮ, ಮನೆಯಲ್ಲೇ ಒಂದು ಸರ್ವರ್ ಕಟ್ಟಿ. ಎಲ್ಲ ಒಂದೇ ಕಡೆ ಇರುತ್ತೆ, ಟಿವಿಯಲ್ಲೂ ನೋಡಬಹುದು. ರೆಡಿಮೇಡ್ ಡಬ್ಬಿಯೂ ಸಿಗುತ್ತೆ, ಆದರೆ ನೀವೇ ಕಟ್ಟಿದರೆ ಯಾವ ಭಾಗ ಕೆಟ್ಟರೂ ಬೇರೆ ತಂದು ಹಾಕಬಹುದು" ಅಂದ. ಕಟ್ಟಲು ಹೊರಟ ಮೇಲೆ ಗೊತ್ತಾಯಿತು, ಇದು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ. ಒಂದೊಂದು ಭಾಗಕ್ಕೂ ಒಂದೊಂದು ಜಾತಕ. ಎಲ್ಲವೂ ಎಲ್ಲದಕ್ಕೂ ಹೊಂದಬೇಕು.

ಮೊದಲನೆಯದು ಪ್ರೊಸೆಸರ್. ಇಂಟೆಲ್ ಐ3-12100 ಸಾಕು ಅಂತ ತೀರ್ಮಾನವಾಯಿತು. ಡೊಂಬಿವಿಲಿಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯವನು ಅದೇ ಪ್ರೊಸೆಸರನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಅಂದ. ರಟ್ಟಿನ ಡಬ್ಬಿ ನೋಡಿದರೆ ಕೊನೆಗೆ ಒಂದು 'ಎಫ್' ಅಕ್ಷರ ಹೆಚ್ಚು. ನಮ್ಮ ಹುಡುಗನಿಗೆ ಫೋನ್ ಮಾಡಿದೆ. "ಬೇಡ ಮಾಮ, ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ" ಅಂದ. ನನಗೇಕೆ ಗ್ರಾಫಿಕ್ಸ್, ನಾನೇನು ಆಟ ಆಡುತ್ತೇನೆಯೇ ಅಂದೆ. ವಿಷಯ ಹಾಗಲ್ಲವಂತೆ. ಈಗಿನ ವೀಡಿಯೊಗಳು ಎಚ್‌ಇವಿಸಿ ಎಂಬ ಹೊಸ ಬಗೆಯಲ್ಲಿ ಇರುತ್ತವೆ. ನಮ್ಮ ಹಾಲಿನ ಹಳೆಯ ಟಿವಿಗೆ ಅದು ಅರ್ಥವಾಗದು. ಆಗ ಸರ್ವರ್ ಆ ವೀಡಿಯೊವನ್ನು ಓಡಿಸುತ್ತಲೇ ಟಿವಿಗೆ ತಿಳಿಯುವ ಭಾಷೆಗೆ ಬದಲಿಸಿ ಕೊಡಬೇಕು. ಅನುವಾದಕನ ಕೆಲಸ. ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ ಇದಕ್ಕೆಂದೇ ಬೇರೆ ಸರ್ಕ್ಯೂಟ್ ಇದೆ, ಕ್ವಿಕ್ ಸಿಂಕ್ ಅನ್ನುತ್ತಾರೆ. ಅದಿದ್ದರೆ ಸಣ್ಣ ಪ್ರೊಸೆಸರ್ ಕೂಡ ನಿರಾಯಾಸವಾಗಿ ಮಾಡುತ್ತದೆ. ಇಲ್ಲದಿದ್ದರೆ ಪೂರ್ತಿ ಭಾರ ಪ್ರೊಸೆಸರಿನ ತಲೆಯ ಮೇಲೆ. ಒಂದು ಅಕ್ಷರಕ್ಕೆ ಇಷ್ಟು ಅರ್ಥ! ಚೆಕ್ಕಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೆ ನಾವು ವಾಪಸ್ ಮಾಡುವುದಿಲ್ಲವೇ, ಹಾಗೆ.

ಎರಡನೆಯದು ಮದರ್‌ಬೋರ್ಡ್. ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು ಎಲ್‌ಜಿಎ1700. ಹನ್ನೆರಡು, ಹದಿಮೂರು, ಹದಿನಾಲ್ಕನೇ ಪೀಳಿಗೆಯ ಪ್ರೊಸೆಸರುಗಳಿಗೆ ಒಂದೇ ಸಾಕೆಟ್ಟು, ಆದರೆ ಬೋರ್ಡು ಹಳೆಯದಾಗಿದ್ದು ಪ್ರೊಸೆಸರ್ ಹೊಸದಾಗಿದ್ದರೆ ಬಯೋಸ್ ಬದಲಿಸದೆ ಅದು ಏಳುವುದೇ ಇಲ್ಲ. ನನ್ನದು ಹನ್ನೆರಡನೆಯದು, ಬಚಾವಾದೆ. ಬೋರ್ಡಿನಲ್ಲಿ ಡಿಸ್ಕುಗಳಿಗೆ ನಾಲ್ಕು ಸಾಟಾ ಕಿಂಡಿ ಇದ್ದವು. ಸಿಸ್ಟಮ್ಮಿಗೆ ಅಂತ ಗೋಂದಿನ ಪಟ್ಟಿಯಷ್ಟಿರುವ ಎಂ.2 ಎಸ್‌ಎಸ್‌ಡಿ ಒಂದನ್ನು ಬೋರ್ಡಿಗೆ ಸಿಕ್ಕಿಸಿದೆ. ನೋಡಿದರೆ ನಾಲ್ಕು ಕಿಂಡಿಗಳಲ್ಲಿ ಒಂದು ಸತ್ತಿದೆ! ಬೋರ್ಡೇ ಹಾಳು ಅಂದುಕೊಂಡು ಅಂಗಡಿಯವನ ಜೊತೆ ಜಗಳಕ್ಕೂ ಹೊರಟಿದ್ದೆ. ಆಮೇಲೆ ಜೊತೆಗೆ ಬಂದ ಪುಸ್ತಕ ಓದಿದರೆ, ಆ ಜಾಗದಲ್ಲಿ ಸಾಟಾ ಬಗೆಯ ಎಂ.2 ಹಾಕಿದರೆ ಒಂದು ಕಿಂಡಿ ಕೆಲಸ ಮಾಡುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿದೆ. ಇಬ್ಬರಿಗೂ ಒಂದೇ ದಾರಿ, ಒಬ್ಬರು ಬಂದರೆ ಇನ್ನೊಬ್ಬರು ನಿಲ್ಲಬೇಕು. ಲೋನ್ ಪತ್ರದ ಸಣ್ಣಕ್ಷರ ಓದಿ ಅಂತ ಗಿರಾಕಿಗಳಿಗೆ ಹೇಳುವವನು ನಾನೇ.

ಮೂರನೆಯದು ರ‍್ಯಾಮು. ಬೋರ್ಡಿಗೆ ಬೇಕಾದದ್ದು ಡಿಡಿಆರ್4. ಡಿಡಿಆರ್5 ತಂದರೆ ಕಚ್ಚಿನ ಜಾಗ ಬೇರೆ, ಕೂರುವುದೇ ಇಲ್ಲ. ಅದು ಒಳ್ಳೆಯದು, ತಪ್ಪು ತಕ್ಷಣ ಗೊತ್ತಾಗುತ್ತದೆ. ನನಗೆ ಸಿಕ್ಕಿದ್ದು ಬೇರೆ ಬಗೆಯ ಮೋಸ. ಹಳೆಯ ಕಂಪನಿ ಸರ್ವರುಗಳಿಂದ ಬಿಚ್ಚಿದ ಡಿಡಿಆರ್4 ರ‍್ಯಾಮ್ ಅರ್ಧ ಬೆಲೆಗೆ ಇತ್ತು. ನಾನು ಕಟ್ಟುತ್ತಿರುವುದೂ ಸರ್ವರೇ ತಾನೆ ಅಂತ ತಂದೆ. ಚೆನ್ನಾಗಿ ಕೂತಿತು. ಆದರೆ ಯಂತ್ರ ಏಳಲಿಲ್ಲ. ಅದು ರಿಜಿಸ್ಟರ್ಡ್ ಬಗೆಯದು, ಮನೆಬಳಕೆಯ ಬೋರ್ಡಿಗೆ ಬೇಕಾದದ್ದು ಅನ್‌ಬಫರ್ಡ್. ಆಕಾರ ಒಂದೇ, ಕಚ್ಚು ಒಂದೇ, ಮಾತು ಮಾತ್ರ ಬೇರೆ. ಈ ಪಾಠವನ್ನು ನಾನು ಆಗಲೇ ಸರಿಯಾಗಿ ಕಲಿಯಬೇಕಿತ್ತು. ಕಲಿಯಲಿಲ್ಲ.

ನಾಲ್ಕನೆಯದು ಡಿಸ್ಕು. ಇದರಲ್ಲಿ ಸಿಎಂಆರ್, ಎಸ್‌ಎಂಆರ್ ಅಂತ ಎರಡು ಬಗೆ. ಅಕ್ಕನ ಮಗ ಏನೇನೋ ವಿವರಿಸಿದ, ತಲೆಗೆ ಹೋಗಲಿಲ್ಲ. ಕೊನೆಗೆ ನಾನೇ ಅರ್ಥ ಮಾಡಿಕೊಂಡದ್ದು ಹೀಗೆ. ನಮ್ಮ ಊರ ಮನೆಯ ಹಂಚಿನ ಮಾಡು ನೆನಪಿಸಿಕೊಳ್ಳಿ. ಒಂದು ಹಂಚಿನ ಅಂಚಿನ ಮೇಲೆ ಇನ್ನೊಂದು ಹಂಚು ಕೂತಿರುತ್ತದೆ. ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲಿನವನ್ನೂ ಎತ್ತಬೇಕು, ಮತ್ತೆ ಹೊದಿಸಬೇಕು. ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಸಾಲುಗಳು ಹೀಗೇ ಒಂದರ ಅಂಚಿನ ಮೇಲೊಂದು. ಜಾಗ ಉಳಿಯುತ್ತದೆ, ಆದರೆ ನಡುವೆ ತಿದ್ದಲು ಹೋದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಹಲವು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ, ಒಂದು ಕೆಟ್ಟು ಹೊಸತನ್ನು ತುಂಬಿಸಬೇಕಾಗಿ ಬಂದಾಗ ಈ ನಿಧಾನವೇ ಮುಳುವಾಗುತ್ತದೆ. ಸಿಎಂಆರ್ ಡಿಸ್ಕಿನಲ್ಲಿ ಸಾಲುಗಳು ಬೇರೆ ಬೇರೆ. ಡಬ್ಬಿಯ ಮೇಲೆ ಇದನ್ನು ಯಾವಾಗಲೂ ಬರೆದಿರುವುದಿಲ್ಲ. ಸರ್ವರಿಗೆಂದೇ ಮಾರಿದ ಕೆಲವು ಡಿಸ್ಕುಗಳೂ ಎಸ್‌ಎಂಆರ್ ಆಗಿದ್ದವು ಅಂತ 2020ರಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಆದ್ದರಿಂದ ಮಾಡೆಲ್ ನಂಬರ್ ಬರೆದುಕೊಂಡು, ತಯಾರಕರ ಪಟ್ಟಿಯಲ್ಲಿ ಹುಡುಕಿ, ಆಮೇಲೆ ಕೊಳ್ಳಬೇಕು. ನಾನು 4 ಟಿಬಿಯ ಎರಡು ಸಿಎಂಆರ್ ಡಿಸ್ಕನ್ನು ಬೇರೆ ಬೇರೆ ಅಂಗಡಿಯಲ್ಲಿ ಹೇಳಿಟ್ಟೆ. ಒಂದೇ ಕಂತಿನಲ್ಲಿ ತಯಾರಾದವು ಒಟ್ಟಿಗೆ ಕೆಡಬಾರದಲ್ಲ. ಇನ್ನೊಂದು ಮಾತು. 4 ಟಿಬಿ ಅಂತ ಕೊಂಡದ್ದು ಕಂಪ್ಯೂಟರಿನಲ್ಲಿ 3.64ರಷ್ಟು ಕಾಣುತ್ತದೆ. ತೂಕದಲ್ಲಿ ಮೋಸವಲ್ಲ. ಅವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಐದನೆಯದು ಪವರ್ ಸಪ್ಲೈ, ನಾವು ಎಸ್‌ಎಂಪಿಎಸ್ ಅನ್ನುವ ಡಬ್ಬಿ. ಕತೆ ಇರುವುದು ಇಲ್ಲೇ.

ಹಳೆಯ ಕಂಪ್ಯೂಟರಿನಲ್ಲಿ ಒಂದು ಒಳ್ಳೆಯ ಎಸ್‌ಎಂಪಿಎಸ್ ಇತ್ತು, ವಯಸ್ಸಾಗಿತ್ತು ಅಂತ ಬಿಟ್ಟು ಬೇರೆ ಕಂಪನಿಯ ಹೊಸದನ್ನು ತಂದಿದ್ದೆ. ಎರಡೂ ಮಾಡ್ಯುಲರ್, ಅಂದರೆ ಕೇಬಲ್ಲುಗಳನ್ನು ಬೇಕಾದರೆ ಸಿಕ್ಕಿಸಬಹುದು, ಬೇಡವಾದರೆ ಬಿಚ್ಚಿಡಬಹುದು. ಎಸ್‌ಎಸ್‌ಡಿಯಲ್ಲಿ ಓಪನ್‌ಮೀಡಿಯಾವಾಲ್ಟ್ ಹಾಕಿ ಆಗಿತ್ತು, ಯಂತ್ರ ಚೆನ್ನಾಗಿ ಏಳುತ್ತಿತ್ತು. ಒಂದು ಹೊಸ ಡಿಸ್ಕು ಬಂದಿತ್ತು, ಇನ್ನೊಂದು ಮುಂದಿನ ವಾರ ಅಂದಿದ್ದರು. ಭಾನುವಾರ ಮಧ್ಯಾಹ್ನ, ಹೊರಗೆ ಜುಲೈ ಮಳೆ. ಹೊಸ ಡಿಸ್ಕು, ಪಕ್ಕದಲ್ಲಿ 500 ಜಿಬಿಯ ಹಳೆಯ ಡಿಸ್ಕು ಕೂರಿಸಿ ಎಲ್ಲವನ್ನೂ ನಕಲು ಮಾಡಿಬಿಡೋಣ ಅಂದುಕೊಂಡೆ. ಹೊಸ ಎಸ್‌ಎಂಪಿಎಸ್ಸಿನ ಜೊತೆ ಬಂದ ಕೇಬಲ್ಲು ಗಿಡ್ಡ, ಡಿಸ್ಕಿನ ಗೂಡಿಗೆ ಮುಟ್ಟಲಿಲ್ಲ. ಹಳೆಯದರ ಕೇಬಲ್ಲು ಉದ್ದ. ಅದೇ ಆರು ತೂತಿನ ಕಪ್ಪು ಪ್ಲಗ್. ಸಿಕ್ಕಿಸಿದೆ, ಟಕ್ ಅಂತ ಕೂತಿತು. ಸ್ವಿಚ್ ಒತ್ತಿದೆ.

ಒಂದು ಚಿಟಕಿ ಸದ್ದು. ಆಮೇಲೆ ವಾಸನೆ. ಸುಟ್ಟ ಬೇಕಲೈಟಿನ ವಾಸನೆ ನಿಮಗೆ ಗೊತ್ತಿರಬಹುದು. ಯಂತ್ರ ನಿಂತಿತು.

ಅಡುಗೆಮನೆಯಿಂದ ಹೆಂಡತಿ, "ರೀ, ಏನು ಸೀದ ವಾಸನೆ?" ಅಂದಳು. "ಏನಿಲ್ಲ, ಪಕ್ಕದ ಮನೆಯದಿರಬೇಕು" ಅಂದೆ. ಮದುವೆಯಾದ ಇಷ್ಟು ವರ್ಷದಲ್ಲಿ ಅವಳಿಗೆ ಹೇಳಿದ ಸುಳ್ಳುಗಳಲ್ಲಿ ಇದೊಂದು ನನಗೆ ಇನ್ನೂ ನೆನಪಿದೆ. ಡಿಸ್ಕುಗಳನ್ನು ಬಿಚ್ಚಿ, ಸರಿಯಾದ ಕೇಬಲ್ಲು ಹಾಕಿ, ಒಂದೊಂದಾಗಿ ನೋಡಿದೆ. ಹೊಸತು ಸತ್ತಿತ್ತು. ಹಳೆಯದನ್ನು ಜೋಡಿಸಿದರೆ ಇಡೀ ಯಂತ್ರವೇ ಏಳುತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಹೋದ ರಾತ್ರಿ ನಾನು ರೈಲಿನಲ್ಲಿದ್ದೆ, ಮುಖ ನೋಡಲು ಸಿಕ್ಕಿತ್ತು. ಈ ಸಲ ನನ್ನ ಕೈಯಾರೆ... ಇನ್ನು ಹೆಚ್ಚು ಬರೆಯುವುದಿಲ್ಲ.

ಮರುದಿನ ರಜೆ ಹಾಕಿ ಲ್ಯಾಮಿಂಗ್ಟನ್ ರೋಡಿನ ಓಣಿಯೊಂದರ ಮಹಡಿಯ ಮೇಲೆ, ಡಿಸ್ಕು ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಮೇಜಿನ ಮೇಲೆ ಭೂತಗನ್ನಡಿ, ಸೋಲ್ಡರ್ ಕಡ್ಡಿ, ಅರ್ಧ ಕುಡಿದ ಕಟಿಂಗ್ ಚಹಾ. ನಾನು ತಂದಿದ್ದ ಕೇಬಲ್ಲನ್ನೂ ಡಿಸ್ಕುಗಳನ್ನೂ ನೋಡಿ ಅವರು ಕೇಳಿದ್ದು ಒಂದೇ ಮಾತು: "ಸಾಬ್, ಪ್ಲಗ್ ಬೈಠ್ ಗಯಾ ತೋ ಆಪ್‌ನೆ ಸೋಚಾ ರಿಶ್ತಾ ಪಕ್ಕಾ?"

ಪ್ಲಗ್ ಕೂತ ಮಾತ್ರಕ್ಕೆ ಸಂಬಂಧ ಕೂಡಿತು ಅಂದುಕೊಂಡಿರಾ ಅಂತ. ತಲೆ ತಗ್ಗಿಸಿದೆ.

ಅವರು ವಿವರಿಸಿದ್ದು ಇಷ್ಟು. ಕೇಬಲ್ಲಿನ ಡಿಸ್ಕಿನ ಕಡೆಯ ತುದಿ ಜಗತ್ತಿಗೆಲ್ಲ ಒಂದೇ, ಅದಕ್ಕೆ ನಿಯಮ ಇದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಬ್ಬೊಬ್ಬ ತಯಾರಕ ಒಂದೊಂದು ತೂತಿನಲ್ಲಿ ಒಂದೊಂದು ವೋಲ್ಟ್ ಕೊಡುತ್ತಾನೆ. ಒಂದೇ ಕಂಪನಿಯ ಎರಡು ಮಾಡೆಲ್ಲುಗಳಲ್ಲೇ ಬೇರೆ ಇರಬಹುದು. ನಾನು ಮಾಡಿದ ಕೆಲಸದಿಂದ 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹೋಗಿತ್ತು.

ಹೊಸ ಡಿಸ್ಕಿನ ಬೋರ್ಡಿನಲ್ಲಿ ಮೋಟಾರು ನಡೆಸುವ ಚಿಪ್ ಸುಟ್ಟು ಗುಳಿ ಬಿದ್ದಿತ್ತು. ಅದನ್ನು ಪಕ್ಕಕ್ಕಿಟ್ಟರು. ಹಳೆಯ ಡಿಸ್ಕಿನ ಬೋರ್ಡನ್ನು ಬಿಚ್ಚಿ ಮಲ್ಟಿಮೀಟರ್ ಮುಟ್ಟಿಸಿದರು. ಪವರ್ ಕಿಂಡಿಯ ಪಕ್ಕದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಯೋಡು. ಟಿವಿಎಸ್ ಅನ್ನುತ್ತಾರೆ. ವೋಲ್ಟ್ ಮಿತಿ ಮೀರಿದರೆ ತಾನು ಶಾರ್ಟ್ ಆಗಿ, ಒಳಗಿನ ಚಿಪ್ಪುಗಳಿಗೆ ಹೋಗಬೇಕಾದ ಹೊಡೆತವನ್ನು ತಾನೇ ತಿನ್ನುವುದು ಅದರ ಕೆಲಸ. ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹಾಗೆ. ಅದು ಸತ್ತು ದಾರಿಗೆ ಅಡ್ಡ ಬಿದ್ದಿತ್ತು, ಅದಕ್ಕೇ ಯಂತ್ರ ಏಳುತ್ತಿರಲಿಲ್ಲ. ಅವರು ಅದನ್ನು ಸೋಲ್ಡರ್ ಕಡ್ಡಿಯಿಂದ ಎತ್ತಿ ತೆಗೆದರು. "ಅಬ್ ಕೋಯಿ ವಾಚ್‌ಮನ್ ನಹೀ. ಏಕ್ ಬಾರ್ ಚಲೇಗಾ, ಕಾಪಿ ಕರೋ, ಫಿರ್ ಭೂಲ್ ಜಾವೋ" ಅಂದರು. ಇನ್ನು ಕಾವಲಿಲ್ಲ, ಒಮ್ಮೆ ಓಡಿದಾಗ ನಕಲು ಮಾಡಿಕೊಂಡು ಈ ಡಿಸ್ಕನ್ನು ಮರೆತುಬಿಡಿ. ಆ ಕಾವಲುಗಾರ ಸಾಯದೆ ಬೋರ್ಡೇ ಹೋಗಿದ್ದರೆ, ಅದೇ ಮಾಡೆಲ್ಲಿನ ಇನ್ನೊಂದು ಬೋರ್ಡ್ ತಂದು ಹಾಕಿದರೂ ಸಾಲುತ್ತಿರಲಿಲ್ಲವಂತೆ. ಒಂದೊಂದು ಡಿಸ್ಕಿಗೂ ಅದರದೇ ಅಳತೆಗಳು ಬೋರ್ಡಿನ ಸಣ್ಣ ಚಿಪ್ಪಿನಲ್ಲಿ ಬರೆದಿರುತ್ತವೆ, ಅದನ್ನೂ ಕಿತ್ತು ಹೊಸ ಬೋರ್ಡಿಗೆ ದಾಟಿಸಬೇಕು.

ಡಿಸ್ಕು ತಿರುಗಿತು. ಅಷ್ಟು ಹಿತವಾದ ಸದ್ದು ನಾನು ಬೇರೆ ಕೇಳಿಲ್ಲ.

ಕೆಳಗಿನ ಅಂಗಡಿಯಿಂದ ಓಡಿ ಹೋಗಿ ಒಂದು ಪೆನ್ ಡ್ರೈವ್ ತಂದೆ. 'ಅಮ್ಮ' ಅನ್ನುವ ಫೋಲ್ಡರನ್ನು ಮೊದಲು ಅದಕ್ಕೆ ಹಾಕಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಇಪ್ಪತ್ತೊಂದು ಫೈಲು, ಎಲ್ಲ ಸೇರಿ 1 ಜಿಬಿಗೂ ಕಡಿಮೆ. ಆಗ ನನಗೆ ಹೊಳೆದದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಇಷ್ಟು ವರ್ಷ ಇದನ್ನು ಉಳಿಸಲು ಸರ್ವರೂ ಬೇಕಿರಲಿಲ್ಲ, ನಾಲ್ಕು ಟಿಬಿಯೂ ಬೇಕಿರಲಿಲ್ಲ. ಒಂದು ಪ್ಲೇಟ್ ಊಟದ ಬೆಲೆಯ ಪೆನ್ ಡ್ರೈವ್ ಸಾಕಿತ್ತು. ಒಂದಲ್ಲ, ಎರಡು.

ಸರಿಯಾಗಿ ಬಂದಿದೆಯೇ ನೋಡಲು ಅವರು ಒಂದು ಫೈಲನ್ನು ಓಡಿಸಿದರು. ಆ ಸಣ್ಣ ಕೋಣೆಯಲ್ಲಿ, ಕೆಳಗಿನ ರಸ್ತೆಯ ಹಾರ್ನುಗಳ ನಡುವೆ, "ಮಾಣಿ, ಊಟ ಆಯ್ತಾ?" ಅಂದರು ಅಮ್ಮ. ಹಿಂದೆ ಮಳೆ. ಆ ಹಿರಿಯರಿಗೆ ಕನ್ನಡ ಬಾರದು. ಸ್ವಲ್ಪ ಹೊತ್ತು ಕೇಳಿ, "ಮಾಂ?" ಅಂದರು. "ಹಾಂ" ಅಂದೆ. ವಾಲ್ಯೂಮ್ ಕಡಿಮೆ ಮಾಡದೆ ಆ ಕಡೆ ತಿರುಗಿ ಚಹಾ ಕುಡಿದರು. ಸಾವಿರದ ಐನೂರು ರೂಪಾಯಿ ತೆಗೆದುಕೊಂಡರು. ಹೊಸ ಡಿಸ್ಕಿನ ವಾರಂಟಿ ಕೇಳಲು ನಾನು ಹೋಗಲಿಲ್ಲ. ತಪ್ಪು ನನ್ನದು, ಅದನ್ನು ಖರ್ಚಿಗೆ ಬರೆದುಕೊಂಡೆ. ಮನೆಗೆ ಬಂದು ಹೆಂಡತಿಗೆ ನಿಜ ಹೇಳಿದೆ. "ನಿನ್ನೆಯೇ ಗೊತ್ತಿತ್ತು, ಪಕ್ಕದ ಮನೆಯವರು ಊರಿಗೆ ಹೋಗಿ ನಾಲ್ಕು ದಿನ ಆಯ್ತು" ಅಂದಳು.

ಈಗಿನ ವ್ಯವಸ್ಥೆ ಹೇಳಿ ಮುಗಿಸುತ್ತೇನೆ. ಸರ್ವರಿನಲ್ಲಿ ಎರಡು ಡಿಸ್ಕು, ಒಂದಕ್ಕೊಂದು ಕನ್ನಡಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆದಾಗುತ್ತದೆ. ಮೂರು ನಾಲ್ಕು ಡಿಸ್ಕಿದ್ದರೆ ಇನ್ನೊಂದು ಉಪಾಯವಿದೆ. ಎಲ್ಲದರ ಮೊತ್ತದಂಥ ಒಂದು ಲೆಕ್ಕವನ್ನೂ ಬರೆದಿಡುವುದು. ಒಂದು ಡಿಸ್ಕು ಕೆಟ್ಟರೆ, ಮೊತ್ತದಿಂದ ಉಳಿದವನ್ನು ಕಳೆದು ಹೋದದ್ದನ್ನು ಕಂಡುಹಿಡಿಯುವುದು. ಬಿ.ಕಾಂ.ನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನನಗೆ ಕನ್ನಡಿಯೇ ಸಾಕೆನಿಸಿತು. ಆದರೆ ಕನ್ನಡಿಯನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಅದು ಕಾರ್ಬನ್ ಕಾಪಿ. ಮೇಲೆ ತಪ್ಪು ಬರೆದರೆ ಕೆಳಗೂ ತಪ್ಪೇ ಬರುತ್ತದೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ತಪ್ಪು ಕೇಬಲ್ಲು ಹಾಕಿದರೆ ಎರಡೂ ಒಟ್ಟಿಗೆ ಸುಡುತ್ತವೆ! ಅದಕ್ಕೆ ಬಲ್ಲವರು ಹೇಳುವ ಸೂತ್ರ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯ ಹೊರಗೆ. 2004ರಲ್ಲಿ ಮುಲುಂಡಿನಲ್ಲಿ ಮರೆತ ಸಿಡಿ ಇದೇ ಸೂತ್ರದ ಮೂರನೇ ಭಾಗ, ನನಗೆ ಗೊತ್ತಿಲ್ಲದೆ ಪಾಲಿಸಿದ್ದು.

ಟಿವಿಗೆ ಜೆಲ್ಲಿಫಿನ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದ್ದೇನೆ. ಮೊದಲ ದಿನ ಮದುವೆಯ ವೀಡಿಯೊ ನಿಂತು ನಿಂತು ಬಂತು, ಫೈಲುಗಳ ನಕಲೂ ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ. ನೋಡಿದರೆ ಕೇಬಲ್ ಟಿವಿ ಹುಡುಗ ಎಂದೋ ಹಾಕಿಕೊಟ್ಟಿದ್ದ ಲ್ಯಾನ್ ತಂತಿಯ ಎಂಟು ಎಳೆಗಳಲ್ಲಿ ನಾಲ್ಕನ್ನೇ ಜೋಡಿಸಿದ್ದ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಇಲ್ಲೂ ಅದೇ ಕತೆ, ಪ್ಲಗ್ ಕೂತಿತ್ತು! ತಂತಿ ಬದಲಿಸಿದ ಮೇಲೆ 110 ಎಂಬಿ. ಒಂದು ಯುಪಿಎಸ್ ಇದೆ, ಕರೆಂಟು ಹೋದರೆ ಯುಎಸ್‌ಬಿ ತಂತಿಯ ಮೂಲಕ ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ, ಅದು ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಇಡೀ ಯಂತ್ರ ಸರಾಸರಿ 35 ವಾಟ್, ಅಂದರೆ ತಿಂಗಳಿಗೆ 25 ಯೂನಿಟ್ ಹತ್ತಿರ. ಹಳೆಯ ಎಸ್‌ಎಂಪಿಎಸ್ಸಿನ ಕೇಬಲ್ಲುಗಳನ್ನು ಅದರ ಜೊತೆಗೇ ಕಟ್ಟಿ, ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ: 'ಇದು ಇದಕ್ಕೆ ಮಾತ್ರ.'

ಕಳೆದ ಸಲ ಊರಿಗೆ ಹೋದಾಗ ಒಂದು ಪ್ರತಿಯನ್ನು ಅಕ್ಕನ ಮನೆಯಲ್ಲಿ ಇಟ್ಟು ಬಂದೆ. ಮನೆಯ ಹೊರಗಿನ ಪ್ರತಿ. ಅಕ್ಕ ಕೂತು ಇಪ್ಪತ್ತೊಂದನ್ನೂ ಮೂರು ದಿನ ಕೇಳಿದಳು. ಏಳು-ಬಿ ಇಲ್ಲ ಅಂದೆ. "ಅದ್ರಲ್ಲಿ ಎಂತ ಇತ್ತ್ ಅಂತ ನಂಗೆ ಗೊತ್ತಿತ್ತ್ ಮಾರಾಯಾ" ಅಂದಳು. ಗುಂಡಿ ಒತ್ತುತ್ತಿದ್ದವಳು ಅವಳೇ ಅಲ್ಲವೇ. ಆ ವರ್ಷ ನಾನು ಹೊಸ್ತಿನ ಹಬ್ಬಕ್ಕೆ ಬರುತ್ತೇನೆ ಅಂತ ಹೇಳಿ ಬಂದಿರಲಿಲ್ಲ. ಅಮ್ಮ ಅರ್ಧ ಗಂಟೆ ಬೈದಿದ್ದರಂತೆ. ಬೈದು ಮುಗಿದ ಮೇಲೆ, ಇದು ಬೇಡ, ಅಳಿಸು ಅಂದರಂತೆ. "ನಂಗ್ ಅಳ್ಸುಕೆ ಗೊತ್ತಿರ್ಲಿಲ್ಲ, ಹಾಂಗೇ ಕಳ್ಸಿದೆ" ಅಂದಳು ಅಕ್ಕ.

ಆ ಬೈಗುಳವನ್ನು ನಾನು ಆಗ ಕೇಳಿದ್ದಿರಬೇಕು. ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಮೊಬೈಲು ಮುಂದಿಟ್ಟು, ಅಕ್ಕನಿಗೆ ಎಲ್ಲವನ್ನೂ ಇನ್ನೊಮ್ಮೆ ಮೊದಲಿಂದ ಹೇಳು ಅಂದೆ. ಅಮ್ಮನ ಹಾಗೇ ದನಿ ಮಾಡಿ ಬೈದಳು, ನಡುವೆ ನಕ್ಕಳು, ಸ್ವಲ್ಪ ಅತ್ತಳು. ಹನ್ನೊಂದು ನಿಮಿಷ. ಅದನ್ನು ಏಳು-ಎ ಆದ ಮೇಲೆ, ಎಂಟು-ಎ ಮೊದಲು, ಖಾಲಿ ಇದ್ದ ಜಾಗದಲ್ಲಿ ಇಟ್ಟಿದ್ದೇನೆ. ಮೂರು ಪ್ರತಿ.

ನಿಮ್ಮ ಮನೆಯಲ್ಲೂ ಇಂಥದ್ದು ಏನಾದರೂ ಇರುತ್ತದೆ. ಸರ್ವರ್ ನಿಧಾನಕ್ಕೆ ಕಟ್ಟಿ, ಅವಸರವಿಲ್ಲ. ಇವತ್ತು ಸಂಜೆ ಮನೆಗೆ ಬರುವಾಗ ಎರಡು ಪೆನ್ ಡ್ರೈವ್ ತನ್ನಿ.